ಇಮಾಮ್ ಸಾಬರ ನಲವತ್ತು ಇಟ್ಟಿಗೆ

ಪ್ರಯೋಗಾಲಯದ ವಸತಿಗೃಹ,
ಮತ್ತೋಡು ದಾರಿ, ಹೊಸದುರ್ಗ ತಾಲ್ಲೂಕು
೨೭ ಜುಲೈ ೨೦೨೫, ಭಾನುವಾರ

ಪ್ರಿಯ ಅಮಾನ್,

ಮೊದಲಿಗೆ, ಈ ದೇಶದ ವಿಜ್ಞಾನದ ಇತಿಹಾಸದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಸುದ್ದಿ. ಈ ತಿಂಗಳ ಹನ್ನೊಂದರಂದು, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಮ್ಮ ಕ್ಯಾಂಟೀನಿನ ಟೀ ಸೋಸುವ ಜಾಲರಿಯನ್ನು ಸೇವೆಗೆ ಅನರ್ಹವೆಂದು ಅಧಿಕೃತವಾಗಿ ಘೋಷಿಸಲಾಯಿತು. ತ್ರಿಸದಸ್ಯ ಸಮಿತಿ ರಚನೆಯಾಗಿತ್ತು. ಇಬ್ಬರು ಡಾಕ್ಟರೇಟ್ ಪಡೆದವರು, ಒಬ್ಬರು ಉಗ್ರಾಣಾಧಿಕಾರಿ. ಜಾಲರಿಯನ್ನು ಬೆಳಕಿಗೆ ಹಿಡಿದು ಪರಿಶೀಲಿಸಿದೆವು. ತೂತುಗಳು ಕಂಡುಬಂದವು. ಜಾಲರಿಯಲ್ಲಿ ತೂತು ಇರುವುದು ಸಹಜವೆಂದು ನಾನು ಭಿನ್ನಾಭಿಪ್ರಾಯ ದಾಖಲಿಸಿದೆ. ಇರಬೇಕಾದ್ದಕ್ಕಿಂತ ದೊಡ್ಡ ತೂತು ಎಂದು ಬಹುಮತದಿಂದ ತೀರ್ಮಾನವಾಯಿತು. ಮೂವರೂ ಸಹಿ ಹಾಕಿ, ಟೀ ಕುಡಿದು, ಬಾಯಲ್ಲಿ ಸಿಕ್ಕ ಟೀ ಪುಡಿಯನ್ನು ಉಗಿದು, ಎದ್ದೆವು.

ಮೇಲೆ 'ಲೇ ಅಮಾನ್' ಎಂದು ಬರೆಯಲು ಹೋಗಿ ಕೈ ತಡೆಯಿತು. ಮೂರನೇ ಕ್ಲಾಸಿನಿಂದ ಹಾಗೇ ಕರೆದವನಿಗೆ ಹದಿನಾಲ್ಕು ವರ್ಷದ ಮೇಲೆ ಯಾವ ಸಂಬೋಧನೆ ಉಳಿದಿರುತ್ತದೋ ಗೊತ್ತಿಲ್ಲ. 'ಪ್ರಿಯ' ಎಂದರೆ ಬ್ಯಾಂಕಿನವರು ಗ್ರಾಹಕರಿಗೆ ಬರೆದಂತಾಗುತ್ತದೆ. ಸದ್ಯಕ್ಕೆ ಅದೇ ಇರಲಿ.

ಹೌದು, ನಮ್ಮ ಪ್ರಯೋಗಾಲಯ ಮುಚ್ಚುತ್ತಿದೆ. ದೆಹಲಿಯಿಂದ ಪತ್ರ ಬಂದಾಯಿತು. ಜಾಲರಿಯಿಂದ ಹಿಡಿದು ಜರ್ಮೇನಿಯಂ ಹರಳಿನವರೆಗೆ ಎಲ್ಲಕ್ಕೂ ನಂಬರು ಅಂಟಿಸಿ, ಎಲ್ಲಕ್ಕೂ ಒಂದೊಂದು ಸಮಿತಿ ಕೂರಿಸಿ, ಒಂದೊಂದಾಗಿ ಸಾಯಿಸುತ್ತಿದ್ದೇವೆ. ನಾನು ಸೆಪ್ಟೆಂಬರಿಗೆ ನಿವೃತ್ತ. ನನಗಿನ್ನೂ ನಂಬರು ಅಂಟಿಸಿಲ್ಲ.

ತಡವಾದದ್ದಕ್ಕೆ ಕ್ಷಮಿಸು. ನಿನ್ನ ಮಗಳು ಕೈನಾತ್ ಫೆಬ್ರವರಿಯಲ್ಲಿ ಕೇಳಿದ ಪ್ರಶ್ನೆಗೆ ಜುಲೈ ಕೊನೆಯಲ್ಲಿ ಉತ್ತರ ಬರೆಯುತ್ತಿದ್ದೇನೆ. ನಮ್ಮ ಕಸುಬಿನಲ್ಲಿ ಐದು ತಿಂಗಳೆಂದರೆ ತಡವಲ್ಲ, ಆತುರ. ಆದರೆ ನಿನ್ನ ತಾಯಿಗೆ ಎಂಬತ್ತೊಂದು. ಅವರ ಲೆಕ್ಕದಲ್ಲಿ ತಡವೇ.

ಆ ದಿನದ ಕತೆ ಕೈನಾತ್ ಹೇಳಿರಬಹುದು. ನನ್ನ ಬಾಯಲ್ಲೂ ಕೇಳು. ವಿಜ್ಞಾನ ದಿನಕ್ಕೆಂದು ಹಿರಿಯೂರಿನಿಂದ ಒಂದು ಬಸ್ಸು ತುಂಬಾ ವಿದ್ಯಾರ್ಥಿಗಳು ಬಂದಿದ್ದರು. ಸುರಂಗದ ಬಾಯಲ್ಲಿ ನಿಂತು ನಾನು ವಿಶ್ವದ ಉಗಮದಿಂದ ಶುರುಮಾಡಿ ನಲವತ್ತು ನಿಮಿಷ ಮಾತಾಡಿದೆ. 'ಪ್ರಶ್ನೆಗಳಿದ್ದರೆ ಕೇಳಿ' ಎಂದೆ. ಒಬ್ಬ ಇಲ್ಲಿ ನೆಟ್‌ವರ್ಕ್ ಯಾಕೆ ಸಿಗಲ್ಲ ಎಂದ. ಒಬ್ಬಳು ಊಟ ಎಷ್ಟೊತ್ತಿಗೆ ಎಂದಳು. ಹಿಂದಿನ ಸಾಲಿನಿಂದ ಒಂದು ಹುಡುಗಿ ಕೈ ಎತ್ತಿ, "ಸರ್, ಒಳಸುತ್ತಿನ ಸೀಸದ ಇಟ್ಟಿಗೆ ಎರಕ ಹೊಯ್ದಿದ್ದು ಯಾರು?" ಎಂದು ಕೇಳಿದಳು.

"ಸ್ಥಳೀಯ ಕುಶಲಕರ್ಮಿಗಳು" ಎಂದೆ.

"ಅವರಿಗೆ ಹೆಸರಿಲ್ವಾ ಸರ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮುಖ ನೋಡಿದೆ. ಮೂಗು ಇಮಾಮ್ ಸಾಬರದು, ಇನಿತೂ ಬದಲಾವಣೆಯಿಲ್ಲದೆ ಮೊಮ್ಮಗಳ ಮುಖಕ್ಕೆ ವರ್ಗಾವಣೆಯಾಗಿತ್ತು.

ಊಟದ ಹೊತ್ತಿಗೆ ಕೈತೊಳೆಯುವ ನಲ್ಲಿಯ ಹತ್ತಿರ ಬಂದು ನಿಂತಳು. "ನಾನು ಅಮಾನ್ ಮಗಳು ಸರ್. ಅಬ್ಬಾ ನಿಮ್ಮತ್ರ ಮಾತಾಡಲ್ವಂತೆ."

"ಗೊತ್ತಮ್ಮ."

"ಆದ್ರೆ ಒಂದು ಕೇಳ್ಕಂಡು ಬಾ ಅಂದವ್ರೆ. ಇದನ್ನ ಮುಚ್ತಾರಂತಲ್ಲ, ಬಿಚ್ಚಿದಾಗ ಆ ಸೀಸ ಒಳ್ಳೇದಿತ್ತೋ ಕೆಟ್ಟದ್ದಿತ್ತೋ, ಒಂದೇ ಮಾತು ತಿಳಿಸ್ಬೇಕಂತೆ. ದಾದಿ, ಅಬ್ಬಾನ ಅಮ್ಮ, ದಿನಾ ಕೇಳ್ತಾರೆ. ಊಟ ಮಾಡಿದ್ದು ಮರೀತಾರೆ, ಇದು ಮರಿಯಲ್ಲ."

ಹಾಗಾದರೆ ಆ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಮುಂದಿನ ಸಾಲನ್ನು ಅಮ್ಮನಿಗೆ ಜೋರಾಗಿ ಓದು, ಅವರಿಗೆ ಎಡಗಿವಿ ಮಂದವೆಂದು ನೆನಪು. ಬಷೀರುನ್ನೀಸಾ ಅಮ್ಮ, ನಿಮ್ಮ ಯಜಮಾನರ ಸೀಸ ಶುದ್ಧವಾಗಿತ್ತು. ಅದರಲ್ಲಿ ಬ್ಯಾಟರಿ ಸೀಸವಿರಲಿ, ಬೇರೆ ಸೀಸದ ಒಂದು ಹನಿಯೂ ಇರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ.

ಅವರು ಅದು ಹೇಗೆ, ಯಾಕೆ ಎಂದು ಕೇಳುತ್ತಾರೆ. ನೀನು ಅರ್ಧಕ್ಕೇ ರೇಗುತ್ತೀಯ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ.

ನಾವು ಗುಡ್ಡದೊಳಗೆ, ಹಳೆಯ ಗಣಿಯ ಸುರಂಗದಲ್ಲಿ, ಒಂದು ಹರಳನ್ನು ಕೂರಿಸಿ ಕಾಯುತ್ತಿದ್ದೆವು. ಟೀ ಲೋಟದಷ್ಟು ಹರಳು. ಅದರೊಳಗಿನ ಕೋಟಿ ಕೋಟಿ ಪರಮಾಣುಗಳಲ್ಲಿ ಯಾವುದೋ ಒಂದು, ಯಾವತ್ತೋ ಒಂದು ದಿನ, ಬೇರೆಲ್ಲೂ ಯಾರೂ ಕಂಡಿರದ ರೀತಿಯಲ್ಲಿ ತಾನಾಗಿ ಒಡೆಯುತ್ತದೆ ಎಂದು ಲೆಕ್ಕ. ಒಡೆದರೆ ಒಂದು ಸಣ್ಣ ಮಿಡಿತ. ಅದನ್ನು ಹಿಡಿದರೆ ಜಗತ್ತಿನಲ್ಲಿ ಶೂನ್ಯದ ಬದಲು ಏನಾದರೂ ಯಾಕಿದೆ ಎಂಬ ಪ್ರಶ್ನೆಗೆ ಕಾಲು ಭಾಗ ಉತ್ತರ. ಒಡೆಯದೆಯೂ ಇರಬಹುದು. ಅದಕ್ಕೂ ಸಂಬಳ ಬರುತ್ತದೆ.

ಇದನ್ನು ಕೇಳಿ ನಿನ್ನ ತಂದೆ ಇಮಾಮ್ ಸಾಬರು ಎಷ್ಟು ನಕ್ಕಿದ್ದರು ನೆನಪಿದೆಯಾ? "ಅಲ್ಲಪ್ಪ ಪಸಣ್ಣ, ಇಷ್ಟೆಲ್ಲ ಓದ್ಕಂಡು, ಕೊನೀಗೆ ಆಗ್ದೇ ಇರೋದನ್ನ ಕಾಯ್ಕಂಡು ಕುಂತಿದ್ದೀರಲ್ಲ! ನಮ್ಮ ಕಸುಬಲ್ಲಿ ಹಿಂಗೆ ಕುಂತ್ರೆ ಮನೇಲಿ ಹಂಚು ಕೂಡ ಕಾಯಲ್ಲ ಕಣಪ್ಪ."

ಆ ಮಿಡಿತ ಎಷ್ಟು ಸಣ್ಣದೆಂದರೆ, ಸುತ್ತಲಿನ ಕಲ್ಲು, ಮಣ್ಣು, ಬೆವರು, ಬಾಳೆಹಣ್ಣು, ಎಲ್ಲದರಿಂದ ಹೊಮ್ಮುವ ಸಹಜ ವಿಕಿರಣವೇ ಅದಕ್ಕೆ ಗದ್ದಲ. ಗದ್ದಲ ತಡೆಯಲು ಸುತ್ತ ಸೀಸದ ಗೋಡೆ ಬೇಕು. ಆದರೆ ಹೊಸ ಸೀಸಕ್ಕೇ ಒಂದಿಷ್ಟು ಗದ್ದಲವಿದೆ. ಅದಿರಿನಿಂದ ತೆಗೆದು ಇನ್ನೂರು ವರ್ಷವಾದ ಸೀಸದಲ್ಲಿ ಮಾತ್ರ ಅದು ಇಲ್ಲವಾಗಿರುತ್ತದೆ. ಅಂಥ ಹಳೆಯ ಸೀಸಕ್ಕಾಗಿ ಬೇರೆ ದೇಶದವರು ಸಮುದ್ರದ ತಳದಲ್ಲಿ ಮುಳುಗಿದ ಹಡಗುಗಳನ್ನು ಹುಡುಕುತ್ತಾರೆ. ನಮಗೆ ಹೊಸದುರ್ಗದ ಹಳೇ ಪೇಟೆಯಲ್ಲಿ, ನಿಮ್ಮ ಮನೆಯ ಕುಲುಮೆಯ ನೆಲದಡಿಯಲ್ಲೇ ಸಿಕ್ಕಿತು. ಕೋಟೆಯ ಸೈನ್ಯಕ್ಕೆ ನಿಮ್ಮ ಹಿರೀಕರು ಗುಂಡು ಎರಕ ಹೊಯ್ದು ಮಿಕ್ಕ ಗಟ್ಟಿ, ಅಡಿಗಲ್ಲಿನ ಕೆಳಗೆ ತಲೆಮಾರುಗಳಿಂದ ಬಿದ್ದಿತ್ತು. "ನಮ್ಮ ಮುತ್ತಾತ ಇದನ್ನ ಯುದ್ಧಕ್ಕೆ ಇಟ್ಟಿದ್ದ, ನಿಮ್ಮ ಸೈನ್ಸಿಗೆ ಆತು ಬಿಡ್ರಿ" ಎಂದು ಇಮಾಮ್ ಸಾಬರು ಅಗೆದು ಕೊಟ್ಟರು.

ನಮ್ಮ ಅಂಗಳದಲ್ಲೇ ಹೊಸ ಬಾಣಲೆ ಇಟ್ಟು ಕರಗಿಸಿದರು. ಹದಿನೆಂಟು ದಿನ. ಒಳಸುತ್ತಿಗೆ ನಲವತ್ತು ಇಟ್ಟಿಗೆ, ಪರೀಕ್ಷೆಗೆಂದು ಒಂದು ಹೆಚ್ಚಿಗೆ. ಪ್ರತಿಯೊಂದನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಬೆರಳಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ, "ಮೂಕಾಗೈತೆ, ತಗಳ್ರಿ" ಎಂದು ಕೊಡುತ್ತಿದ್ದರು. ಕಲಾಯಿ ಹಾಕುವ ಕೈಗೆ ರಬ್ಬರು ಗ್ಲೌಸು ಹಾಕಿಸಿದ್ದೆವು. ಮದುವೆ ಗಂಡಿನ ಹಾಗೆ ಕೈ ಎತ್ತಿಕೊಂಡೇ ಓಡಾಡುತ್ತಿದ್ದರು.

ಹರಳಿನ ಪೆಟ್ಟಿಗೆ ಮುಚ್ಚಿದ್ದು ಎರಡು ಸಾವಿರದ ಹತ್ತನೇ ಇಸವಿಯ ಆಯುಧಪೂಜೆಯ ದಿನ. ಆ ದಿನವೇ ಯಾಕೆ ಎಂದರೆ ಮುಹೂರ್ತವಲ್ಲ, ದ್ರವ ಸಾರಜನಕದ ಲಾರಿ ಆ ದಿನ ಬಂದಿತ್ತು, ಅಷ್ಟೆ. ನಮ್ಮಲ್ಲಿ ಆಯುಧಪೂಜೆ ಹೇಗೆಂದು ನಿನಗೆ ಗೊತ್ತು. ಲೇತ್ ಮಿಷನ್ನಿಗೆ ಮೂರು ಪಟ್ಟೆ ವಿಭೂತಿ, ಜನರೇಟರಿಗೆ ಮೂರು ಪಟ್ಟೆ, ನಿರ್ದೇಶಕರ ಜೀಪಿನ ಚಕ್ರಕ್ಕೆ ನಿಂಬೆಹಣ್ಣು, ಪರಮಾಣು ಎಣಿಸುವ ಕಂಪ್ಯೂಟರಿನ ಹಣೆಗೆ ಕುಂಕುಮ. ಸಹಾಯಕ ಚಿಕ್ಕತಿಮ್ಮಪ್ಪನೇ ಪೂಜಾರಿ. ನಿನ್ನ ತಂದೆಯೂ ತಮ್ಮ ಸೌಟು, ಇಕ್ಕಳ ತಂದಿಟ್ಟು, "ತಿಮ್ಮಣ್ಣ, ನನ್ನವಕ್ಕೂ ಒಂದು ಬೊಟ್ಟು ಇಡಪ್ಪ, ಬೇಜಾರ್ ಮಾಡ್ಕಂಬಾರ್ದು ಅವು" ಎಂದಿದ್ದರು. ಸುರಂಗದ ಒಳಕೋಣೆಗೆ ಮಾತ್ರ ವಿಭೂತಿ, ಹೂವು, ಊದುಬತ್ತಿ ಕಟ್ಟುನಿಟ್ಟಾಗಿ ನಿಷಿದ್ಧ. ಆ ಬೋರ್ಡು ಬರೆದದ್ದು ನಾನೇ. ಅದೇ ವಾರ ಹೊಸದುರ್ಗದ ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಒಂದೂವರೆ ಗಂಟೆ ಮಾತಾಡಿ ಶಾಲು ಹೊದೆಸಿಕೊಂಡು ಬಂದಿದ್ದೆ.

ಮೂರು ತಿಂಗಳು ಅಳತೆ ಮಾಡಿದೆವು. ಗದ್ದಲ ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಇತ್ತು. ಮೇಲಿನವರಿಗೆ ಹದಿನೈದು ದಿನದಲ್ಲಿ ಕಾರಣ ಬೇಕಿತ್ತು. ಪೆಟ್ಟಿಗೆ ಬಿಚ್ಚಿ ನೋಡಬಹುದಿತ್ತು, ಆದರೆ ಬಿಚ್ಚಿದರೆ ಮತ್ತೆ ಮುಚ್ಚಿ ತಣಿಸಲು ಎರಡು ವರ್ಷ, ಅನುದಾನ ನಿಂತೇಹೋಗುತ್ತದೆ. ಪರೀಕ್ಷೆಗಿಟ್ಟ ಇಟ್ಟಿಗೆಯನ್ನು ಕಳಿಸಬಹುದಿತ್ತು, ಅದಕ್ಕೆ ಒಂದು ವರ್ಷದ ಸರದಿ. ಹದಿನೈದು ದಿನಕ್ಕೆ ಹೊಂದುವ ಕಾರಣ ಒಂದೇ ಇತ್ತು. ಅದು ಬಿಳಿ ಟೋಪಿ ಹಾಕಿಕೊಂಡು, ಕರೆದ ತಕ್ಷಣ, ಎರಡು ಬಸ್ಸು ಬದಲಿಸಿ ಬಂದು ಸಭಾಕೊಠಡಿಯಲ್ಲಿ ನಿಂತಿತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹಳೇ ಬ್ಯಾಟರಿ ಸೀಸ ಸೇರಿಸಿದ್ದೀರಾ?" ಎಂದರು ಅಂದಿನ ನಿರ್ದೇಶಕರು.

"ಬ್ಯಾಟರಿ ಸೀಸ ಕರಗ್ಸಿದ್ರೆ ವಾಸ್ನೆ ಬ್ಯಾರೆ ಬರ್ತೈತೆ ಸಾಹೇಬ್ರೆ. ಮೇಲೆ ಕಟ್ಟೋ ಕೆನೆ ಬಣ್ಣ ಬ್ಯಾರೆ. ನಿಮ್ಮ ಅಂಗಳದಾಗೇ ಕರಗ್ಸಿದೀನಿ, ನಿಮ್ಮೋರೇ ನೋಡವ್ರೆ."

"ವಾಸನೆ ಪುರಾವೆಯಲ್ಲ."

ಆಗ ಅವರು ನನ್ನ ಕಡೆ ತಿರುಗಿ, "ಪಸಣ್ಣ, ನೀನಾದ್ರೂ ಹೇಳಪ್ಪ" ಎಂದರು. ನಾನು ಸಭೆಯ ನಡಾವಳಿ ಬರೆಯುತ್ತಿದ್ದೆ. ಅದನ್ನೂ ಬರೆದೆ.

ಆಮೇಲಿನದು ನಿಮ್ಮ ಮನೆಯದೇ ಕತೆ, ನಾನು ಹೇಳಬೇಕಾಗಿಲ್ಲ. 'ಕಲಬೆರಕೆ ಸರಬರಾಜುದಾರ' ಎಂದು ಕಪ್ಪುಪಟ್ಟಿ. ಆ ಪತ್ರದ ಪ್ರತಿ ಪುರಸಭೆಗೂ ಹೋಯಿತು, ಹಳೇ ಪೇಟೆಗೂ ಬಂತು. ಪಾತ್ರೆಗೆ ಕಲಾಯಿ ಹಾಕಿಸಲು ಬರುವ ಹೆಂಗಸರು, "ಸಾಬ್ರೇ, ತವರ ಅಸ್ಲಿ ತಾನೇ?" ಎಂದು ನಗುತ್ತಾ ಕೇಳುವುದಕ್ಕೆ ಶುರುಮಾಡಿದರು. ಇಮಾಮ್ ಸಾಬರು ಒಂದು ದಿನ ಕುಲುಮೆಗೆ ನೀರು ಸುರಿದು ಮಗುಚಿ ಹಾಕಿದರು. ಎರಡು ವರ್ಷ ಬದುಕಿದ್ದರು. ನೀನು ಹಿರಿಯೂರಿಗೆ ಹೋಗಿ ರೇಡಿಯೇಟರ್ ರಿಪೇರಿಗೆ ಕೂತೆ. ಅವರ ಮಣ್ಣಿಗೆ ನಾನು ಬಂದಾಗ ನೀನು ನನ್ನನ್ನು ನೋಡಲಿಲ್ಲ. ನಾನೂ ಮಸೀದಿಯ ಗೋಡೆಯ ಈಚೆಗೇ ನಿಂತಿದ್ದೆ.

ನಾವಾದರೋ ಆ ಗದ್ದಲದ ಸಮೇತ ಹದಿನೈದು ವರ್ಷ ಅಳೆದೆವು. ಮದುವೆ ಮನೆಯ ಓಲಗದ ನಡುವೆ ಕೂತು ಪಕ್ಕದೂರಲ್ಲಿ ಸೂಜಿ ಬಿದ್ದ ಸದ್ದಿಗೆ ಕಿವಿಗೊಟ್ಟಂತೆ. ಮೂವತ್ತೊಂದು ಸಂಶೋಧನಾ ಪ್ರಬಂಧ ಬಂದವು. ಎಲ್ಲದರ ಸಾರಾಂಶ ಒಂದೇ, ಏನೂ ಕಾಣಲಿಲ್ಲ. ಅದನ್ನೂ ಖಚಿತವಾಗಿ ಹೇಳಲಾಗಲಿಲ್ಲ.

ಜೂನ್ ಮೂರರಂದು ಬಿಚ್ಚಿದೆವು. ಹೊರಸುತ್ತು ತೆಗೆದು, ಒಳಸುತ್ತಿನ ನಲವತ್ತನ್ನು ಇಳಿಸಿ, ತಾಮ್ರದ ಪೆಟ್ಟಿಗೆಯ ಮುಚ್ಚಳ ಎತ್ತಿ ಮಗುಚಿದೆವು. ಚಿಕ್ಕತಿಮ್ಮಪ್ಪ ಟಾರ್ಚ್ ಬೆಳಕು ಬಿಟ್ಟ. ಬಿಟ್ಟವನೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಸಾ, ಒಳಗೆ ಈಶ್ವರ ಕುಂತವ್ನೆ!"

ಮುಚ್ಚಳದ ಒಳಮೈ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ನಡುವೆ ಕುಂಕುಮದ ಬೊಟ್ಟು. ಗಾಳಿಯಾಡದ ಜಾಗ, ಹದಿನೈದು ವರ್ಷದಲ್ಲಿ ಒಂದು ಚೂರೂ ಉದುರಿರಲಿಲ್ಲ. ನೇರ ಹರಳಿನ ನೆತ್ತಿಯ ಮೇಲೆ. ಸಗಣಿ ಸುಟ್ಟ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ನೆಲದ ಮಣ್ಣಿನ ಥೋರಿಯಂ ಒಂದಿಷ್ಟು ಇರುತ್ತದೆ. ನಮಗೆ ನಿಮಗೆ ಏನೂ ಮಾಡದು, ಹಣೆಗೆ ಹಚ್ಚಿಕೊಂಡು ನೂರು ವರ್ಷ ಬಾಳಬಹುದು. ಆ ಹರಳಿಗೆ ಮಾತ್ರ ಅದು ಕಿವಿಯಲ್ಲಿ ತಮಟೆ. ಹೊಸದಾಗಿ ಸೇರಿದ ಹುಡುಗಿ ವಿಜ್ಞಾನಿಯೊಬ್ಬಳು ಬ್ಲೇಡಿನಲ್ಲಿ ಕೆರೆದು ಅಳೆದಳು. ಮಧ್ಯಾಹ್ನದ ಊಟದೊಳಗೆ ಎಲ್ಲ ಸ್ಪಷ್ಟವಾಗಿತ್ತು. ಹದಿನೈದು ವರ್ಷದ ಗದ್ದಲ ಅಷ್ಟೂ ಚಿಟಿಕೆ ಬೂದಿಯಲ್ಲಿತ್ತು.

ಇಮಾಮ್ ಸಾಬರ ಇಟ್ಟಿಗೆಯನ್ನು, ಆಗ ನಮ್ಮಲ್ಲಿರದಿದ್ದ ಪಕ್ಕದ ಯಂತ್ರದಲ್ಲಿ ಆರು ವಾರ ಇಟ್ಟೆವು. ಆ ಹುಡುಗಿ ಫಲಿತಾಂಶದ ಹಾಳೆ ತಂದು, "ಸರ್, ಯಂತ್ರ ಕೆಟ್ಟಿದೆಯೋ ಏನೋ, ಏನೂ ಬರುತ್ತಿಲ್ಲ" ಎಂದಳು. ಯಂತ್ರ ಕೆಟ್ಟಿರಲಿಲ್ಲ. ನಮ್ಮ ಅಳತೆಗೆ ಸಿಗದಷ್ಟು ಶುದ್ಧ. ನಿನ್ನ ತಂದೆ ಕಿವಿಗಿಟ್ಟು ಹೇಳಿದ್ದನ್ನು ನಾವು ಆರು ವಾರ ಯಂತ್ರಕ್ಕಿಟ್ಟು ಒಪ್ಪಿಕೊಂಡೆವು.

ಆಮೇಲೆ, ನೀನು ಊಹಿಸಿದಂತೆ, ಸಮಿತಿ. ಇದರ ಹೆಸರು ಸತ್ಯಶೋಧನಾ ಸಮಿತಿ. ಜಾಲರಿ ಸಮಿತಿಗಿಂತ ದೊಡ್ಡದು, ಬಿಸ್ಕತ್ತೂ ಇತ್ತು. ಹಳೆಯ ಪಾಳಿ ಪುಸ್ತಕ ತೆಗೆಸಿದರು. ಮುಚ್ಚಳ ಹಾಕಿದಾಗ ಒಳಕೋಣೆಯಲ್ಲಿದ್ದವರು ಮೂವರು: ಇಮಾಮ್ ಸಾಬ್, ಚಿಕ್ಕತಿಮ್ಮಪ್ಪ, ನಾನು. ಕಣ ಭೌತಶಾಸ್ತ್ರದಲ್ಲಿ ನಾವು ಹೇಗೆ ಒಂದೊಂದೇ ಸಾಧ್ಯತೆಯನ್ನು ಕಳೆಯುತ್ತಾ ಹೋಗುತ್ತೇವೋ ಹಾಗೇ ಕಳೆದರು. ಇಮಾಮ್ ಸಾಬರು ವಿಭೂತಿ ಹಚ್ಚುವವರಲ್ಲ, ಕಳೆ. "ಪ್ರಸನ್ನಕುಮಾರ್ ಅವರ ವೈಜ್ಞಾನಿಕ ಮನೋಭಾವ ಜಿಲ್ಲೆಗೇ ಗೊತ್ತು, ಅವರನ್ನು ಕೇಳಿದರೆ ನಮಗೇ ಅವಮಾನ" ಎಂದು ಅಧ್ಯಕ್ಷರು ನಕ್ಕರು. ಕಳೆ. ಉಳಿದದ್ದು ಒಂದು.

ಚಿಕ್ಕತಿಮ್ಮಪ್ಪನನ್ನು ಕರೆಸಿದರು. ಅವನಿಗೀಗ ಅರವತ್ತೆರಡು, ಗುತ್ತಿಗೆಯ ಕೆಲಸ, ಮುಚ್ಚಿದ ಮೇಲೆ ಅದೂ ಇಲ್ಲ.

"ನೀನೇ ಹಚ್ಚಿದ್ದೇನಪ್ಪ?"

"ನೆಪ್ಪಿಲ್ರೀ ಸಾ. ಅವತ್ತು ಕಂಡಕಂಡಿದ್ಕೆಲ್ಲ ಹಚ್ಚೀನಿ. ನಾಯಿಗೂ ಹಚ್ಚಿದ್ದೆ."

"ಒಳಗೆ ಹಚ್ಚಬಾರದು ಅಂತ ಬೋರ್ಡ್ ಇತ್ತಲ್ಲ?"

"ನಂಗೆ ಓದಾಕ್ ಬರಲ್ರೀ." ಆಮೇಲೆ ಅವನೇ ಹೇಳಿದ, "ನಿಮ್ಗೆ ಹೆಸರು ಬೇಕಾದ್ರೆ ನಂದೇ ಬರ್ಕಳ್ರಿ ಸಾ. ಪಾಪ, ಆ ಸಾಬಣ್ಣನ ಹೆಸರು ಬಿಟ್ರೆ ಸಾಕು."

ಬರೆದುಕೊಂಡರು. 'ಸಂಭವನೀಯವಾಗಿ ಅವಿದ್ಯಾವಂತ ಗುತ್ತಿಗೆ ಸಹಾಯಕನ ಅಚಾತುರ್ಯ.' ಸಮಿತಿಯ ಕಾರ್ಯದರ್ಶಿ ನಾನೇ. ಅಕ್ಷರ ಗುಂಡಾಗಿದೆ ಎಂದು ಅಧ್ಯಕ್ಷರು ಮೆಚ್ಚಿದರು.

ಇನ್ನು ಇಮಾಮ್ ಸಾಬರ ಹೆಸರು ಕಪ್ಪುಪಟ್ಟಿಯಿಂದ ತೆಗೆಸುವ ವಿಷಯ. ನೀನು ಕೇಳಿಲ್ಲ, ಆದರೂ ಹೋಗಿದ್ದೆ. ಉಗ್ರಾಣಾಧಿಕಾರಿ ಮಹಾದೇವಮ್ಮ ಕೆಟ್ಟವರಲ್ಲ, ಚಿಕ್ಕಜಾಜೂರಿನಿಂದ ದಿನಾ ಓಡಾಡಿ ಸೊಂಟ ಹಿಡಿಸಿಕೊಂಡವರು. ಸೊಂಟಕ್ಕೆ ಕೈಕೊಟ್ಟುಕೊಂಡೇ ಫೈಲು ಹುಡುಕಿ ತೆಗೆದರು.

"ಇದು ಕ್ಲೋಸ್ ಆಗೈತಲ್ಲ ಸಾರ್. ರೀಓಪನ್ ಮಾಡ್ಬೇಕಂದ್ರೆ ಸಪ್ಲೈಯರ್ರೇ ಖುದ್ದು ಅರ್ಜಿ ಕೊಡ್ಬೇಕು."

"ಸಪ್ಲೈಯರ್ ತೀರಿಕೊಂಡಿದ್ದಾರಲ್ಲಮ್ಮ."

"ಅದ್ಕೇ ಅಲ್ವಾ ಸಾರ್ ಕ್ಲೋಸ್ ಆಗಿರೋದು?"

ಮೇಲಿನವರಿಗೂ ಬರೆದೆ. 'ಸರಬರಾಜುದಾರರು ಮೃತರಾಗಿರುವುದರಿಂದಲೂ, ಪ್ರಯೋಗಾಲಯವು ಮುಚ್ಚುತ್ತಿರುವುದರಿಂದಲೂ, ವಿಷಯವು ಪರಿಗಣನೆಗೆ ಉಳಿದಿರುವುದಿಲ್ಲ' ಎಂದು ಒಂದೂವರೆ ಸಾಲಿನ ಉತ್ತರ ಬಂತು. ಅಮಾನ್, ಇದು ಇಷ್ಟೇ. ಸೀಸ ಶುದ್ಧ ಎಂದು ನಿಮಗೆ ಹೇಳುತ್ತಿರುವುದು ಈ ಪತ್ರವೊಂದೇ. ಇದಕ್ಕೆ ಮೊಹರಿಲ್ಲ. ಹಳೇ ಪೇಟೆಯಲ್ಲಿ ಆ ಹಳೆಯ ಪತ್ರ ನೋಡಿದವರಲ್ಲಿ ಅರ್ಧ ಜನ ಈಗಿಲ್ಲ, ಉಳಿದವರಿಗೆ ಇದನ್ನು ತೋರಿಸಿದರೆ ಯಾವ ಸೀಸ, ಯಾವ ಇಟ್ಟಿಗೆ ಎಂದು ಕೇಳುತ್ತಾರೆ. ಕೆಟ್ಟ ಹೆಸರಿಗೆ ಕಾರಣ ಮರೆತರೂ ಹೆಸರು ಮಾತ್ರ ಮರೆಯುವುದಿಲ್ಲ.

ಆ ನಲವತ್ತು ಇಟ್ಟಿಗೆಗಳ ಗತಿಯನ್ನೂ ಹೇಳಿಬಿಡಬೇಕು, ಬೇರೆಯವರಿಂದ ಗೊತ್ತಾಗುವುದಕ್ಕಿಂತ ಮೊದಲೇ. ದೇಶದಲ್ಲೇ ಅಪರೂಪದ ಸೀಸ, ಬೇರೆ ಪ್ರಯೋಗಾಲಯಕ್ಕಾದರೂ ಕೊಡೋಣ ಎಂದು ಮೂರು ಪತ್ರ ಬರೆದೆ. ಕಲಬೆರಕೆ ಎಂದು ದಾಖಲೆಯಲ್ಲಿರುವ ಮಾಲನ್ನು ಯಾರೂ ಮುಟ್ಟುವಂತಿಲ್ಲವಂತೆ. ಗುಜರಿಗೆ ಹರಾಜಾಯಿತು. ಹಿಡಿದವರು ಬ್ಯಾಟರಿ ಮಾಡುವವರು. ಆಗಸ್ಟ್ ಎಂಟಕ್ಕೆ ಲಾರಿ ಬರುತ್ತದೆ. ಇಲ್ಲಿ ನಗಬೇಕು ಎಂದು ನನಗೆ ಗೊತ್ತಿದ್ದರೂ ಬರೆದವನಿಗೇ ಆಗುತ್ತಿಲ್ಲ.

ಬೇರೆ ಸುದ್ದಿ ಹೆಚ್ಚಿಲ್ಲ. ನನ್ನ ಹೆಂಡತಿ ಅನುಸೂಯ ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸಿದ್ದಾಳೆ. ರಂಜಾನಿಗೆ ಅಮ್ಮ ಕಳಿಸುತ್ತಿದ್ದ ಶೀರ್ ಕುರ್ಮಾ ಪಾಯಸದ ಡಬ್ಬಿ ಒಂದು ನಮ್ಮಲ್ಲೇ ಉಳಿದಿದೆ, ಅದರಲ್ಲೀಗ ಸಾಸಿವೆ ತುಂಬಿಟ್ಟಿದ್ದಾಳೆ. ಕೈನಾತ್ ಚೆನ್ನಾಗಿ ಓದಲಿ. ಭೌತಶಾಸ್ತ್ರವೇ ಬೇಕೆಂದರೆ ತಡೆಯಬೇಡ. ಒಳ್ಳೆಯ ಪ್ರಶ್ನೆ ಕೇಳುತ್ತಾಳೆ, ಉತ್ತರ ಕೊಡುವವರು ಅವಳ ಪಾಲಿಗೆ ನಮಗಿಂತ ಒಳ್ಳೆಯವರು ಸಿಗಲಿ. ಅಮ್ಮನಿಗೆ ಕಣ್ಣು ತುಂಬಾ ನಿದ್ದೆ ಬರಲಿ. ನಿನ್ನ ಮನೆ, ಮಕ್ಕಳು, ಅಂಗಡಿ ಎಲ್ಲ ಚೆನ್ನಾಗಿರಲಿ.

ಇಂತು,
ಪ್ರಸನ್ನ

ತಾ.ಕ.: ಈ ಹಾಳೆಯನ್ನು ಬೇರೆಯಾಗಿ ಮಡಿಸಿದ್ದೇನೆ. ಅಮ್ಮನಿಗೆ ಓದುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಆ ಮೂರು ಬೆರಳು ನನ್ನವು.

ಚಿಕ್ಕತಿಮ್ಮಪ್ಪ ಸ್ಪ್ಯಾನರ್ ತರಲು ಹೊರಗೆ ಹೋಗಿದ್ದ. ನಿನ್ನ ತಂದೆ ಆ ಕಡೆ ತಿರುಗಿ ಕೊನೆಯ ಇಟ್ಟಿಗೆ ಒರೆಸುತ್ತಿದ್ದರು. ಎಂಟು ವರ್ಷದ ಕೆಲಸ ಅದು, ಎರಡು ಸಲ ಪಂಪು ಸೋರಿ ಹಾಳಾಗಿತ್ತು. ಪೂಜೆಯ ತಟ್ಟೆಯಿಂದ ಒಂದು ಚಿಟಿಕೆ ವಿಭೂತಿಯನ್ನೂ ಕುಂಕುಮವನ್ನೂ ಬಸ್ ಟಿಕೆಟ್ಟಿನಲ್ಲಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಗ್ಲೌಸು ಬಿಚ್ಚಿ ಹಚ್ಚಿದೆ. ಭಕ್ತಿ ಎಂದರೆ ಸುಳ್ಳಾಗುತ್ತದೆ. ಇದ್ದರೆ ಇರಲಿ ಎಂದು, ಅಷ್ಟೆ. ಒಳಮೈ ಅಲ್ಲವೇ, ಯಾರಿಗೂ ಕಾಣುವುದಿಲ್ಲ.

ಮರೆತುಹೋಗಿತ್ತು, ಮೊನ್ನೆ ಟಾರ್ಚಿನ ಬೆಳಕಲ್ಲಿ ನೆನಪಾಯಿತು ಎಂದು ಬರೆದುಬಿಡಬಹುದಿತ್ತು. ಎರಡು ಸಲ ಹಾಗೇ ಬರೆದು ಹರಿದುಹಾಕಿದೆ. ಅಳತೆಯ ನಕ್ಷೆಯಲ್ಲಿ ಪೊಟ್ಯಾಸಿಯಂ ಗೆರೆ ಮೊದಲ ವಾರವೇ ಎದ್ದು ನಿಂತಿತ್ತು. ಎಲ್ಲರೂ ಸುರಂಗದ ಗೋಡೆಯ ಸಿಮೆಂಟಿನದು ಎಂದರು. ನಾನೂ ಎಂದೆ. ನಿನ್ನ ತಂದೆ ಕೂರದೆ ನಿಂತು, 'ನೀನಾದ್ರೂ ಹೇಳಪ್ಪ' ಎಂದಾಗ ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಪರೀಕ್ಷೆಯ ಇಟ್ಟಿಗೆಯನ್ನು ಕಳಿಸದಂತೆ 'ಸರದಿ ಒಂದು ವರ್ಷ' ಎಂದು ಟಿಪ್ಪಣಿ ಬರೆದವನೂ ನಾನೇ. ಸರದಿ ಎರಡು ತಿಂಗಳಿತ್ತು.

ಈ ಜುಲೈಯಲ್ಲಿ ಸಮಿತಿಯ ಮುಂದೆ ಹೇಳಬೇಕೆಂದೇ ಹೋಗಿದ್ದೆ. ಅಧ್ಯಕ್ಷರು ನಕ್ಕರು. ನಾನು ಪೆನ್ನಿನ ಮುಚ್ಚಳ ತೆಗೆದೆ. ತಿಮ್ಮಪ್ಪ ಹೊರಗೆ ಹೋಗುವಾಗ, "ನೀವೇನ್ ಮುಖ ಸಣ್ಣ ಮಾಡ್ಕಂಬ್ಯಾಡ್ರಿ ಸಾ, ನಂಗೇನೂ ಆಗಲ್ಲ" ಎಂದು ನನಗೇ ಸಮಾಧಾನ ಹೇಳಿದ. ಕ್ಷಮಿಸು ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ಅರ್ಜಿ ತೆಗೆದುಕೊಳ್ಳಬೇಕಾದವರು ಮಣ್ಣಿನಲ್ಲಿದ್ದಾರೆ.

ಒಂದು ಸಣ್ಣ ಕೆಲಸ ಆಗಬೇಕು. ಪರೀಕ್ಷೆಗೆಂದು ಇಟ್ಟಿದ್ದ ಆ ಒಂದು ಇಟ್ಟಿಗೆ ಉಗ್ರಾಣದಲ್ಲಿ ಹಾಗೇ ಇದೆ. ನಿಯಮದ ಪ್ರಕಾರ ಅದು ಸರಬರಾಜುದಾರರ ವಾರಸುದಾರರಿಗೆ ಸೇರಬೇಕು, ಲಾರಿಗೆ ಹೋಗುವಂತಿಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಅದರ ಜೊತೆ ಆಧಾರ್ ಜೆರಾಕ್ಸ್ ಎರಡು ತೆಗೆದುಕೊಂಡು, ಆಗಸ್ಟ್ ಆರು, ಬುಧವಾರ, ಸಂಜೆ ನಾಲ್ಕರೊಳಗೆ ಬಾ. ಗೇಟಿನಲ್ಲಿ ಮಹಾದೇವಮ್ಮನವರ ಹೆಸರು ಹೇಳು. ನಾನು ಆ ದಿನ ರಜೆ ಹಾಕಿದ್ದೇನೆ, ಎದುರಿಗೆ ಸಿಗುವುದಿಲ್ಲ. ಇಟ್ಟಿಗೆ ಸಣ್ಣದಾಗಿ ಕಾಣುತ್ತದೆ, ಆದರೆ ಹನ್ನೊಂದು ಕೆ.ಜಿ. ತೂಕ. ಪ್ಲಾಸ್ಟಿಕ್ ಕವರ್ ತಡೆಯುವುದಿಲ್ಲ, ಒಂದು ಗಟ್ಟಿ ಗೋಣಿಚೀಲ ತಾ.